ಹೊಸ ಆಟ ರೆಡಿ, ಆಡಲು ಐದು ಜನ ಎಲ್ಲಿ?

2023ರ ಜನವರಿ ಮೊದಲ ವಾರ. ಟೇಬಲ್ ಸುತ್ತ ಕೂತು, ದಾಳ ಹಾಕುತ್ತಾ ಕಥೆ ಕಟ್ಟುವ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಆಟದ ಒಡೆತನ ಇರುವ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯ ಒಂದು ಲೈಸೆನ್ಸ್ ಕರಡು ಸೋರಿಕೆಯಾಗಿ ದೊಡ್ಡ ಸುದ್ದಿಯಾಯಿತು. 2000ನೇ ಇಸವಿಯಿಂದ ಈ ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಿಕೊಂಡು ತಮ್ಮದೇ ಪುಸ್ತಕ ಮಾಡಿ ಮಾರಬಹುದಿತ್ತು. ದುಡ್ಡು ಕೊಡಬೇಕಿರಲಿಲ್ಲ, ಅನುಮತಿ ಕೇಳಬೇಕಿರಲಿಲ್ಲ. ಆ ವ್ಯವಸ್ಥೆಗೆ ಓಪನ್ ಗೇಮ್ ಲೈಸೆನ್ಸ್ ಅಂತ ಹೆಸರು. ಹೊಸ ಕರಡು ಅದನ್ನೇ ರದ್ದು ಮಾಡಲು ಹೊರಟಿತ್ತು. ವರ್ಷಕ್ಕೆ 7.5 ಲಕ್ಷ ಡಾಲರ್‌ಗಿಂತ ಜಾಸ್ತಿ ವಹಿವಾಟು ಮಾಡುವವರು ಅದರ ಮೇಲಿನ ಮೊತ್ತಕ್ಕೆ 25%ವರೆಗೆ ರಾಯಲ್ಟಿ ಕಟ್ಟಬೇಕು ಎಂದಿತ್ತು. ಲಾಭದ ಮೇಲಲ್ಲ, ವಹಿವಾಟಿನ ಮೇಲೆ. ಪುಸ್ತಕದ ಧಂದೆಯಲ್ಲಿ ಅಷ್ಟು ಲಾಭವೇ ಇರುವುದಿಲ್ಲ.

ಆಟಗಾರರು ರೊಚ್ಚಿಗೆದ್ದರು. ಕಂಪನಿಯ ಡಿಜಿಟಲ್ ಚಂದಾ ರದ್ದು ಮಾಡುವ ಅಭಿಯಾನ ನಡೆಯಿತು. ಜನವರಿ 27ರಂದು ಕಂಪನಿ ಪೂರ್ತಿ ಹಿಂದೆ ಸರಿಯಿತು. ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಲೈಸೆನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಿತು. ಆದರೆ ಅಷ್ಟರಲ್ಲಿ ನಂಬಿಕೆ ಹೋಗಿಯಾಗಿತ್ತು. ವರ್ಷಗಟ್ಟಲೆ ಆ ಆಟಕ್ಕೆ ಪೂರಕ ಪುಸ್ತಕ ಬರೆದು ಬದುಕಿದ್ದ ಕೋಬೋಲ್ಡ್ ಪ್ರೆಸ್, ಎಂಸಿಡಿಎಂ ತರಹದ ಪ್ರಕಾಶಕರು ನಮ್ಮದೇ ಆಟ ಮಾಡುತ್ತೇವೆ ಎಂದು ಸಾರಿದರು. ಪೈಜೋ ಕಂಪನಿ ಹೊಸ ಮುಕ್ತ ಲೈಸೆನ್ಸ್ ಒಂದನ್ನು ಘೋಷಿಸಿತು. ಎಂಟು ತಿಂಗಳಿಗೆ ಸಾಕಾಗಬೇಕಿದ್ದ ತನ್ನ ಪಾತ್‌ಫೈಂಡರ್ ಆಟದ ಮೂಲ ಪುಸ್ತಕ ಎರಡೇ ವಾರದಲ್ಲಿ ಖಾಲಿಯಾಯಿತು ಎಂದೂ ಹೇಳಿತು.

ಹೊಸ ಫ್ಯಾಂಟಸಿ ಆಟ ತರುವವರಿಗೆ ಇದಕ್ಕಿಂತ ಒಳ್ಳೆ ಮುಹೂರ್ತ ಸಿಗುತ್ತಾ? ಸಿಕ್ಕಿರಲಿಲ್ಲ. ಹಾಗಾಗಿಯೇ ಆಮೇಲೆ ಏನಾಯಿತು ಅನ್ನೋದು ನೋಡಬೇಕಾದ ವಿಷಯ. ದುಡ್ಡು ಬಂತು, ಪುಸ್ತಕಗಳೂ ಬಂದವು, ಕೆಲವು ನಿಜಕ್ಕೂ ಚೆನ್ನಾಗಿವೆ. ಆದರೂ ಶನಿವಾರ ಸಂಜೆ ಟೇಬಲ್ ಸುತ್ತ ಕೂತವರಲ್ಲಿ ಬಹುಪಾಲು ಜನ ಇವತ್ತೂ ಹಳೆಯ ಆಟವನ್ನೇ ಆಡುತ್ತಿದ್ದಾರೆ. ಯಾಕೆ?

ಈ ಬಗೆಯ ಆಟ ನೋಡದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ಹೆಚ್ಚುಕಮ್ಮಿ ನಮ್ಮ ತಾಳಮದ್ದಳೆ ಇದ್ದ ಹಾಗೆ. ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಗಿಂದಾಗಲೇ ಹುಟ್ಟುವ ಮಾತಿನಲ್ಲಿ ಕಥೆ ನಡೆಸುತ್ತಾರೆ. ಭಾಗವತರ ಜಾಗದಲ್ಲಿ ಗೇಮ್ ಮಾಸ್ಟರ್ ಇರುತ್ತಾರೆ. ವ್ಯತ್ಯಾಸ ಏನೆಂದರೆ ಇಲ್ಲಿ ಪ್ರೇಕ್ಷಕರಿಲ್ಲ, ಕಥೆಯ ಕೊನೆ ಯಾರಿಗೂ ಗೊತ್ತಿಲ್ಲ, ಮತ್ತು ಕತ್ತಿ ಬೀಸಿದರೆ ತಾಗಿತೋ ಇಲ್ಲವೋ ಅನ್ನೋದನ್ನು ದಾಳ ಹೇಳುತ್ತದೆ. ಆ ದಾಳವನ್ನು ಯಾವಾಗ ಹಾಕಬೇಕು, ಬಿದ್ದ ಅಂಕಿಗೆ ಏನು ಅರ್ಥ ಅನ್ನೋದೇ ಪುಸ್ತಕದಲ್ಲಿರುವ ನಿಯಮ.

ಇದು ಶುರುವಾಗಿದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಬರೆದ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಮೊದಲು ಅಚ್ಚಾಗಿದ್ದು ಬರೀ 1,000 ಪ್ರತಿ. ಇವತ್ತು ಅದು ವಿಝರ್ಡ್ಸ್ ಕಂಪನಿಯ ಒಡೆಯನಾದ ಹ್ಯಾಸ್‌ಬ್ರೋ ಎಂಬ ಆಟಿಕೆ ದೈತ್ಯನ ಕೈಯಲ್ಲಿದೆ. ಅದರ ಡಿಜಿಟಲ್ ತಾಣ ಡಿ ಆ್ಯಂಡ್ ಡಿ ಬಿಯಾಂಡ್ ಅನ್ನು 2022ರಲ್ಲಿ ಹ್ಯಾಸ್‌ಬ್ರೋ ಕೊಂಡಿದ್ದು 14.6 ಕೋಟಿ ಡಾಲರ್‌ಗೆ. ಹೊಸ ಆಟ ತರುವವರು ಎದುರಿಸಬೇಕಾದ ಬಲ ಎಂಥದ್ದು ಅಂತ ಈ ಒಂದು ಅಂಕಿಯಿಂದಲೇ ಗೊತ್ತಾಗುತ್ತದೆ.

ಆದರೆ ದುಡ್ಡಿನ ಬಲ ಅಷ್ಟು ದೊಡ್ಡ ಅಡ್ಡಿಯಲ್ಲ ಅಂತ ನನ್ನ ಲೆಕ್ಕ. ಅಡ್ಡಿ ಇರುವುದು ಟೇಬಲ್ಲಿನಲ್ಲಿ.

ಒಂದು ಕಾದಂಬರಿ ಇಷ್ಟವಾದರೆ ನೀವೊಬ್ಬರೇ ಕೊಂಡು ಓದುತ್ತೀರಿ. ವಿಡಿಯೋ ಗೇಮ್ ಕೂಡ ಅಷ್ಟೇ. ಇಲ್ಲಿ ಹಾಗಾಗುವುದಿಲ್ಲ. ಪುಸ್ತಕ ಕೊಳ್ಳುವವರು ಒಬ್ಬರು, ಸಾಮಾನ್ಯವಾಗಿ ಗೇಮ್ ಮಾಸ್ಟರ್. ಆಡುವವರು ಐದು ಜನ. ಆ ಐವರಲ್ಲಿ ಒಬ್ಬರಿಗೆ ಆಫೀಸು, ಇನ್ನೊಬ್ಬರಿಗೆ ಚಿಕ್ಕ ಮಗು, ಮತ್ತೊಬ್ಬರು ಊರು ಬದಲಿಸಿ ವಿಡಿಯೋ ಕಾಲ್‌ನಲ್ಲಿ ಸೇರುವವರು. ಹೇಗೋ ವಾರಕ್ಕೊಂದು ಸಂಜೆ ಹೊಂದಿಸಿಕೊಂಡಿದ್ದಾರೆ. ಎರಡು ವರ್ಷದಿಂದ ಒಂದೇ ಕಥೆ ನಡೆಯುತ್ತಿದೆ. ಪಾತ್ರಗಳು ಬೆಳೆದಿವೆ. ನಿಯಮ ಬಾಯಿಗೆ ಬಂದಿದೆ. ಈಗ ಗೇಮ್ ಮಾಸ್ಟರ್ ಬಂದು, 'ಇದನ್ನು ಬಿಡೋಣ, ಹೊಸದೊಂದು ಸಿಕ್ಕಿದೆ, ಮುನ್ನೂರು ಚಿಲ್ಲರೆ ಪುಟ ಇದೆ' ಅಂದರೆ? ಒಬ್ಬರು ಹೂಂ ಅಂತಾರೆ. ಇಬ್ಬರು ಸುಮ್ನೆ ಇರ್ತಾರೆ. ಒಬ್ಬರು 'ಈ ಕಥೆ ಮುಗೀಲಿ, ಆಮೇಲೆ ನೋಡೋಣ' ಅಂತಾರೆ. ಆ ಕಥೆ ಮುಗಿಯುವುದೇ ಇಲ್ಲ.

ಅಂದರೆ ಹೊಸ ಆಟ ಬೇಡ ಅನ್ನಲು ಒಬ್ಬರು ಸಾಕು, ಬೇಕು ಅನ್ನಲು ಐವರೂ ಒಪ್ಪಬೇಕು. ಬೇರೆ ಯಾವ ಪುಸ್ತಕಕ್ಕೂ ಈ ಪರೀಕ್ಷೆ ಇಲ್ಲ. ಹಳೆಯ ಆಟದ ಜಾಗದಲ್ಲಿ ಕೂರುವ ಹೊಸ ಫ್ಯಾಂಟಸಿ ಆಟಕ್ಕೆ ಈ ಕಷ್ಟ ಇನ್ನೂ ಜಾಸ್ತಿ. ಬಾಹ್ಯಾಕಾಶದ ಆಟ, ಭೂತದ ಆಟ ಆದರೆ ನಡುವೆ ಒಂದು ಬದಲಾವಣೆಗೆ ಅಂತ ಆಡಬಹುದು. ಆದರೆ ಕತ್ತಿ, ಮಂತ್ರ, ಗುಹೆ, ರಾಕ್ಷಸ ಇರುವ ಇನ್ನೊಂದು ಆಟ ಅಂದಾಗ 'ನಮ್ಮ ಹತ್ರ ಇದೆಯಲ್ಲ' ಅನ್ನೋದು ಸಹಜ ಉತ್ತರ.

ಇದು ಹೊಸ ಗೋಳೇನಲ್ಲ. 2002ರಲ್ಲೇ ರಾನ್ ಎಡ್ವರ್ಡ್ಸ್ ಎಂಬ ಆಟ ವಿನ್ಯಾಸಕ ಈ ಬಗ್ಗೆ ಬರೆದಿದ್ದರು. ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಬಿಟ್ಟು ಬೇರೆ ಹೆಚ್ಚೇನೂ ಆಡದವರು, ಅದರಲ್ಲಿ ತಮಗೆ ಕಿರಿಕಿರಿಯಾದ ನಾಲ್ಕು ನಿಯಮ ರಿಪೇರಿ ಮಾಡಿ, ಸ್ವಂತ ದುಡ್ಡು ಸುರಿದು, ಅಚ್ಚು ಹಾಕಿಸಿದ ಆಟಗಳಿಗೆ ಅವರು 'ಫ್ಯಾಂಟಸಿ ಹಾರ್ಟ್‌ಬ್ರೇಕರ್' ಅಂತ ಹೆಸರಿಟ್ಟರು. ಅವುಗಳಲ್ಲಿ ಒಂದೊಂದು ಒಳ್ಳೆಯ ಹೊಳಹು ಇರುತ್ತಿತ್ತು ಎಂದು ಅವರೇ ಒಪ್ಪಿದ್ದರು. ಆ ಒಂದು ಹೊಳಹಿಗಾಗಿ ಯಾರೂ ಟೇಬಲ್ ಬದಲಿಸಲಿಲ್ಲ ಅಷ್ಟೇ.

ಹಾಗಾದರೆ ಗೆದ್ದವರು ಹೇಗೆ ಗೆದ್ದರು? ಪಾತ್‌ಫೈಂಡರ್ ನೋಡಿ. 2008ರಲ್ಲಿ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ನಾಲ್ಕನೇ ಆವೃತ್ತಿ ಬಂತು, ನಿಯಮಗಳೆಲ್ಲ ತಲೆಕೆಳಗಾದವು, ಹೊರಗಿನ ಪ್ರಕಾಶಕರಿಗೆ ಕಟ್ಟುಪಾಡು ಬಿಗಿಯಾಯಿತು. ಪೈಜೋ ಕಂಪನಿ ಹಿಂದಿನ ಆವೃತ್ತಿಯ ಮುಕ್ತ ನಿಯಮಗಳನ್ನೇ ತಿದ್ದಿ 2009ರಲ್ಲಿ ಪಾತ್‌ಫೈಂಡರ್ ತಂದಿತು. ಅಂದರೆ ಜನ ಟೇಬಲ್ ಬದಲಿಸಬೇಕಾಗಿಯೇ ಬರಲಿಲ್ಲ. ಬದಲಿಸಲು ಹೇಳಿದ್ದು ಮೂಲ ಕಂಪನಿಯೇ. ಅದಕ್ಕಿಂತ ಮುಖ್ಯ, 2007ರವರೆಗೆ ಡಂಜನ್ಸ್ ಆ್ಯಂಡ್ ಡ್ರಾಗನ್ಸ್‌ನ ಅಧಿಕೃತ ಪತ್ರಿಕೆಗಳನ್ನು ಹೊರತರುತ್ತಿದ್ದದ್ದು ಇದೇ ಪೈಜೋ. ಯಾರು ಆಡುತ್ತಾರೆ, ಏನು ಇಷ್ಟಪಡುತ್ತಾರೆ, ಎಲ್ಲ ಗೊತ್ತಿತ್ತು. ಅವರ ಆಟ ಅಂಗಡಿಗೆ ಬರುವ ಹೊತ್ತಿಗೆ ಓದುಗರು ವರ್ಷಗಳಿಂದ ಜೊತೆಗಿದ್ದರು.

2023ರ ನಂತರದ್ದೂ ಅದೇ ಕಥೆ. ಕೆಲ್ಸಿ ಡಿಯೋನ್ ಅವರ ಶ್ಯಾಡೋಡಾರ್ಕ್ ಆಟಕ್ಕೆ 2023ರ ಮಾರ್ಚ್‌ನಲ್ಲಿ ಜನರಿಂದ ಮುಂಗಡ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದ ಮೂಲಕ 13 ಲಕ್ಷಕ್ಕೂ ಹೆಚ್ಚು ಡಾಲರ್ ಕೂಡಿತು. ಸಣ್ಣ ಪ್ರಕಾಶನ, ದೊಡ್ಡ ಕಂಪನಿಯಲ್ಲ. ಹೊರಗಿನಿಂದ ನೋಡಿದರೆ ರಾತ್ರೋರಾತ್ರಿ ಬಂದ ಅದೃಷ್ಟ ಅನಿಸುತ್ತದೆ. ನಿಜದಲ್ಲಿ ಅವರು ಅದಕ್ಕೂ ಮುಂಚೆ ವರ್ಷಗಟ್ಟಲೆ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಆಟಕ್ಕೇ ಸಾಹಸ ಕಥೆಗಳನ್ನು ಬರೆದು ಮಾರಿದ್ದರು. ಗೇಮ್ ಮಾಸ್ಟರ್ ಪುಟ ತಿರುವದೆ ನಡೆಸಬಹುದಾದಷ್ಟು ಅಚ್ಚುಕಟ್ಟು ಎಂದು ಅವರ ಬರಹಕ್ಕೆ ಹೆಸರಿತ್ತು. ಶುರುವಿನ ನಿಯಮಗಳನ್ನು ಬಿಟ್ಟಿಯಾಗಿ ಹಂಚಿದ್ದರು. ಜನ ಆಡಿ ನೋಡಿದ ಮೇಲೆ ದುಡ್ಡು ಕೊಟ್ಟರು.

ಆ ಆಟದ ಒಂದು ನಿಯಮ ಹೇಳಲೇಬೇಕು. ಗುಹೆಯೊಳಗೆ ನೀವು ಹಚ್ಚಿದ ಪಂಜು ಒಂದು ಗಂಟೆ ಉರಿಯುತ್ತದೆ. ಕಥೆಯ ಒಂದು ಗಂಟೆಯಲ್ಲ, ನಿಜವಾದ ಒಂದು ಗಂಟೆ. ಫೋನಿನಲ್ಲಿ ಟೈಮರ್ ಇಟ್ಟು ಟೇಬಲ್ ಮೇಲೆ ಇಡುತ್ತಾರೆ. ಕತ್ತಲಲ್ಲಿ ಕಾಣುವ ಶಕ್ತಿ ಯಾವ ಆಟಗಾರನ ಪಾತ್ರಕ್ಕೂ ಇಲ್ಲ. ಬಾಗಿಲು ತೆಗೆಯಬೇಕೋ ಬೇಡವೋ ಅಂತ ಹತ್ತು ನಿಮಿಷ ಚರ್ಚೆ ಮಾಡಿದರೆ ಹತ್ತು ನಿಮಿಷದ ಬೆಳಕು ಹೋಯಿತು. ಇದನ್ನು ಗೆಳೆಯರಿಗೆ ಒಂದೇ ಉಸಿರಲ್ಲಿ ಹೇಳಬಹುದು, ಕೇಳಿದವರಿಗೆ ತಕ್ಷಣ ಆಡಿ ನೋಡಬೇಕು ಅನಿಸುತ್ತದೆ. 'ನಮ್ಮ ಯುದ್ಧದ ನಿಯಮ ಹೆಚ್ಚು ಸಮತೋಲನದಲ್ಲಿದೆ' ಅಂತ ಹೇಳಿ ಯಾರನ್ನಾದರೂ ಎಳೆದು ತರಲು ಆಗುತ್ತಾ? 2024ರಲ್ಲಿ ಈ ಆಟಕ್ಕೆ, ರೋಲ್‌ಪ್ಲೇಯಿಂಗ್ ಆಟಗಳಿಗೆ ಕೊಡುವ ಎನ್ನಿ ಪ್ರಶಸ್ತಿಗಳಲ್ಲಿ ವರ್ಷದ ಅತ್ಯುತ್ತಮ ಕೃತಿ ಎಂಬ ಗೌರವ ಸಿಕ್ಕಿತು.

ಎಂಸಿಡಿಎಂ ಕಥೆ ಇನ್ನೂ ದೊಡ್ಡದು. ಅದರ ಮುಖ್ಯಸ್ಥ ಮ್ಯಾಟ್ ಕೋಲ್ವಿಲ್ 2016ರಿಂದ ಯೂಟ್ಯೂಬ್‌ನಲ್ಲಿ ಗೇಮ್ ಮಾಸ್ಟರ್ ಆಗುವುದು ಹೇಗೆ ಅಂತ ಕಲಿಸುತ್ತಿದ್ದವರು. 2023ರ ಡಿಸೆಂಬರ್‌ನಲ್ಲಿ ಕಿಕ್‌ಸ್ಟಾರ್ಟರ್ ತರಹದ್ದೇ ತಾಣವಾದ ಬ್ಯಾಕರ್‌ಕಿಟ್‌ನಲ್ಲಿ ತಮ್ಮ ಆಟಕ್ಕೆ ದುಡ್ಡು ಕೇಳಿದಾಗ 45 ಲಕ್ಷ ಡಾಲರ್‌ಗೂ ಜಾಸ್ತಿ ಬಂತು. ಆಟ ಆಗಿನ್ನೂ ಮುಗಿದಿರಲಿಲ್ಲ. ಅದನ್ನವರು ಮುಚ್ಚಿಡಲೂ ಇಲ್ಲ. ಆಮೇಲಿನ ಪರೀಕ್ಷೆಯಲ್ಲಿ ಆಟದ ತಿರುಳಾದ ದಾಳದ ಲೆಕ್ಕವನ್ನೇ ಬದಲಿಸಿದರು. ಆರು ಮುಖದ ಎರಡು ದಾಳ ಹೋಗಿ ಹತ್ತು ಮುಖದ ಎರಡು ದಾಳ ಬಂತು. ಒಂದು ದಾಳ ಬದಲಾದರೆ ಪ್ರತಿ ರಾಕ್ಷಸ, ಪ್ರತಿ ಮಂತ್ರ, ಪ್ರತಿ ಏಟಿನ ಲೆಕ್ಕ ಮತ್ತೆ ಮಾಡಬೇಕು. ಡ್ರಾ ಸ್ಟೀಲ್ ಎಂಬ ಹೆಸರಲ್ಲಿ ಆಟದ ಪಿಡಿಎಫ್ ಕೈಗೆ ಸಿಕ್ಕಿದ್ದು 2025ರ ಮಧ್ಯದಲ್ಲಿ. ಇಷ್ಟು ಕಾಲ ಸಂಬಳ ಕೊಟ್ಟು ಒಂದು ತಂಡವನ್ನು ಸಾಕಲು ಆ 45 ಲಕ್ಷ ಬೇಕೇ ಬೇಕಿತ್ತು. ಹೆಸರಿಲ್ಲದ ಹೊಸಬರಿಗೆ ಯಾರೂ ಅಷ್ಟು ದುಡ್ಡನ್ನೂ ಕೊಡುವುದಿಲ್ಲ, ಅಷ್ಟು ದಿನ ಕಾಯುವುದೂ ಇಲ್ಲ.

ಕೋಬೋಲ್ಡ್ ಪ್ರೆಸ್ ಹಿಡಿದ ದಾರಿ ಪೈಜೋದ್ದೇ. ಟೇಲ್ಸ್ ಆಫ್ ದಿ ವೇಲಿಯಂಟ್ ಎಂಬ ಅವರ ಆಟ ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ಐದನೇ ಆವೃತ್ತಿಗೆ ಹೊಂದುತ್ತದೆ, ಹಳೆಯ ಪುಸ್ತಕ ಎಸೆಯಬೇಕಿಲ್ಲ. ದುಡ್ಡು ಅವರಿಗೂ 10 ಲಕ್ಷ ಡಾಲರ್ ದಾಟಿತು. ಆದರೆ ಇಷ್ಟೊಂದು ಹೋಲಿಕೆ ಇದ್ದರೆ ಬದಲಿಸುವುದು ಯಾಕೆ ಅನ್ನುವ ಪ್ರಶ್ನೆಯೂ ಜೊತೆಗೇ ಬರುತ್ತದೆ. ಪೈಜೋಗೆ 2009ರಲ್ಲಿ ಇದ್ದ ಅನುಕೂಲ ಇವರಿಗಿರಲಿಲ್ಲ. ಯಾಕೆಂದರೆ ಮೂಲ ಕಂಪನಿ ಆ ಹೊತ್ತಿಗೆ ನಿಯಮಗಳನ್ನು ಬಿಟ್ಟುಕೊಟ್ಟು ಜಗಳ ಮುಗಿಸಿತ್ತು. ಕೋಪಕ್ಕೆ ಆಯಸ್ಸು ಕಡಿಮೆ, ಪುಸ್ತಕ ತಯಾರಾಗಲು ಒಂದೂವರೆ ವರ್ಷ ಬೇಕು. ಕೋಪದಲ್ಲಿ ದುಡ್ಡು ಕೊಟ್ಟವರ ಮನೆಗೆ ಪುಸ್ತಕ ತಲುಪುವಾಗ ಅವರು ಹಳೆಯ ಆಟಕ್ಕೇ ಮರಳಿರುತ್ತಾರೆ.

ಇನ್ನು ದುಡ್ಡಿನ ವಿಷಯ. ಲಕ್ಷಗಟ್ಟಲೆ ಡಾಲರ್ ಅಂದಾಗ ಶ್ರೀಮಂತರಾದರು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಒಂದು ಅಂದಾಜು ಲೆಕ್ಕ ಹಾಕೋಣ. ಪುಸ್ತಕದ ಮುಖಬೆಲೆ 50 ಡಾಲರ್ ಇರಲಿ. ಡಿಸ್ಟ್ರಿಬ್ಯೂಟರ್ ಅದನ್ನು ಸಾಮಾನ್ಯವಾಗಿ ಮುಖಬೆಲೆಯ 40%ರ ಆಸುಪಾಸಿಗೆ ಕೊಳ್ಳುತ್ತಾರೆ. ಪ್ರಕಾಶಕರ ಕೈಗೆ ಬಂದಿದ್ದು 20 ಡಾಲರ್. ಬಣ್ಣದ ಮುದ್ರಣ, ಗಟ್ಟಿ ರಟ್ಟು, ಹಡಗಿನ ಬಾಡಿಗೆ, ಗೋದಾಮು ಎಲ್ಲ ಸೇರಿ 10 ಡಾಲರ್ ಹಿಡಿಯಿರಿ. ಉಳಿದಿದ್ದು 10. ಹೊಸಬರ ಆಟ 3,000 ಪ್ರತಿ ಹೋದರೆ ಸಾಧನೆಯೇ. ಅಲ್ಲಿಗೆ 30,000 ಡಾಲರ್. ಒಂದು ಲಕ್ಷ ಪದದ ಪುಸ್ತಕಕ್ಕೆ ಪದಕ್ಕೆ 10 ಸೆಂಟ್‌ನಂತೆ ಬರಹಗಾರರಿಗೆ 10,000. ಚಿತ್ರ ಒಂದಕ್ಕೆ 200 ಡಾಲರ್‌ನಂತೆ 80 ಚಿತ್ರಕ್ಕೆ 16,000. ಇನ್ನುಳಿದ 4,000ದಲ್ಲಿ ಎಡಿಟರ್, ಪುಟ ವಿನ್ಯಾಸ, ಪ್ರಚಾರ, ಮತ್ತು ಆಟ ಮಾಡಿದವರ ಎರಡು ವರ್ಷದ ಬದುಕು. ಅದಕ್ಕೇ ಎಲ್ಲರೂ ನೇರವಾಗಿ ಓದುಗರಿಗೆ ಮಾರಲು ಕ್ರೌಡ್‌ಫಂಡಿಂಗ್‌ಗೆ ಹೋಗುವುದು. ಅಲ್ಲಿ ಕಿಕ್‌ಸ್ಟಾರ್ಟರ್ 5% ತೆಗೆದುಕೊಂಡು, ಪಾವತಿ ಶುಲ್ಕಕ್ಕೆ ಇನ್ನೊಂದು 3%ರಷ್ಟು ಹೋದರೂ ಉಳಿಯುವುದು ಜಾಸ್ತಿ.

ಆದರೆ ಕ್ರೌಡ್‌ಫಂಡಿಂಗ್ ದುಡ್ಡು ಆದಾಯ ಅಲ್ಲ, ಸಾಲ. ಪುಸ್ತಕವಾಗಿ ತೀರಿಸಬೇಕಾದ ಸಾಲ. ಇದಕ್ಕೆ ಸೆವೆಂತ್ ಸೀ ಎಂಬ ಕಡಲ ಸಾಹಸದ ಆಟಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. 2016ರಲ್ಲಿ ಅದರ ಎರಡನೇ ಆವೃತ್ತಿಗೆ 11,000ಕ್ಕೂ ಹೆಚ್ಚು ಜನರಿಂದ 13 ಲಕ್ಷ ಡಾಲರ್ ಬಂತು. ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಆಗಿನ ಮಟ್ಟಿಗೆ ದಾಖಲೆ. ದುಡ್ಡು ಏರಿದ ಹಾಗೆ ಉಡುಗೊರೆಯ ಭರವಸೆಗಳೂ ಏರಿದವು. ಮೂಲ ಪುಸ್ತಕದ ಜೊತೆ ಇನ್ನೊಂದು ದೇಶದ ಪುಸ್ತಕ, ಮತ್ತೊಂದು ಖಂಡದ ಪುಸ್ತಕ, ಹೀಗೆ ಸಾಲು ಸಾಲು. ಆಟ ಇಷ್ಟಪಡುವ ಜನ ಮುಂದೆ ಬರುವುದನ್ನೆಲ್ಲ ಮೊದಲೇ ಕೊಂಡಾಗಿತ್ತು. ಪುಸ್ತಕ ಬಂದಾಗ ಹೊಸದಾಗಿ ಕೊಳ್ಳುವವರು ಯಾರು? ಒಳಗೆ ಬರುವ ದುಡ್ಡು ನಿಂತಿತು, ಬರೆಯಬೇಕಾದ ಪುಸ್ತಕ ಬಾಕಿ ಉಳಿಯಿತು. 2019ರಲ್ಲಿ ಆಟವನ್ನು ಕೇಯಾಸಿಯಂ ಎಂಬ ಹಳೆಯ ಸಂಸ್ಥೆ ಕೊಂಡು ಬಾಕಿ ಕೆಲಸ ಮುಂದುವರಿಸಿತು. ಸೋತ ಆಟವಲ್ಲ ಅದು, ಗೆದ್ದೇ ಸುಸ್ತಾದ ಆಟ.

2025 ಇದರ ಮೇಲೆ ಇನ್ನೆರಡು ಪೆಟ್ಟು ಕೊಟ್ಟಿತು. ಜನವರಿಯಲ್ಲಿ ಡೈಮಂಡ್ ಎಂಬ ದೊಡ್ಡ ವಿತರಕ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಕಾಮಿಕ್ಸ್ ವಿತರಣೆಗೆ ಹೆಸರಾದ ಸಂಸ್ಥೆ ಅದು. ಆಟಗಳನ್ನು ಅಂಗಡಿಗಳಿಗೆ ಮುಟ್ಟಿಸುವ ಅಲಯನ್ಸ್ ಕೂಡ ಅದರದ್ದೇ ಭಾಗವಾಗಿತ್ತು. ಏಪ್ರಿಲ್‌ನಲ್ಲಿ ಚೀನಾದ ಸರಕಿನ ಮೇಲೆ ಅಮೆರಿಕದ ಸುಂಕ 145%ಕ್ಕೆ ಏರಿತು. ಮೇ ತಿಂಗಳಲ್ಲಿ 30%ಕ್ಕೆ ಇಳಿಯಿತು. ಪುಸ್ತಕಗಳಿಗೆ ಈ ಸುಂಕದಿಂದ ವಿನಾಯಿತಿ ಇತ್ತು. ದಾಳ, ಕಾರ್ಡು, ಗೊಂಬೆಗಳಿಗೆ ಇರಲಿಲ್ಲ. ಪೆಟ್ಟಿಗೆ ತುಂಬ ಸಾಮಾನು ಹಾಕಿ ಆಕರ್ಷಕವಾಗಿ ಮಾಡೋಣ ಅಂತ ಹೊರಟವರಿಗೆ ಅದೇ ಆಕರ್ಷಣೆ ಹೊರೆಯಾಯಿತು. ಒಂದೂವರೆ ವರ್ಷದ ಹಿಂದೆ ಬೆಲೆ ನಿಗದಿ ಮಾಡಿ ದುಡ್ಡು ತೆಗೆದುಕೊಂಡಾಗಿದೆ. ಈಗ ಬಂದರಿನಲ್ಲಿ ಎದ್ದ ಖರ್ಚನ್ನು ಯಾರ ಹತ್ತಿರ ಕೇಳುವುದು?

ಇಷ್ಟೆಲ್ಲ ದಾಟಿ ಬಂದ ಆಟದ ಹಣೆಬರಹ ಏನು ಅಂತ ತಿಳಿಯಬೇಕಾದರೆ ಡ್ಯಾಗರ್‌ಹಾರ್ಟ್ ನೋಡಬೇಕು. ಹೊಸ ಫ್ಯಾಂಟಸಿ ಆಟವೊಂದಕ್ಕೆ ಇದಕ್ಕಿಂತ ಒಳ್ಳೆ ಹುಟ್ಟು ಊಹಿಸುವುದೂ ಕಷ್ಟ. ತಂದವರು ಕ್ರಿಟಿಕಲ್ ರೋಲ್ ತಂಡದ ಡ್ಯಾರಿಂಗ್ಟನ್ ಪ್ರೆಸ್. 2015ರಿಂದ ಆಟ ಆಡುವುದನ್ನೇ ನೇರಪ್ರಸಾರ ಮಾಡಿ ಲಕ್ಷಾಂತರ ಜನರನ್ನು ಈ ಹವ್ಯಾಸಕ್ಕೆ ತಂದ ತಂಡ ಅದು. ಪ್ರಚಾರಕ್ಕೆ ಕೊರತೆಯೇ ಇಲ್ಲ. 2024ರ ಮಾರ್ಚ್‌ನಿಂದ ಸಾರ್ವಜನಿಕರಿಗೆ ಆಡಲು ಬಿಟ್ಟು, ತಿದ್ದಿ, 2025ರ ಮೇ 20ರಂದು ಬಿಡುಗಡೆ ಮಾಡಿದರು.

ಆಟವೂ ಚೆನ್ನಾಗಿದೆ. ಹನ್ನೆರಡು ಮುಖದ ಎರಡು ದಾಳ, ಒಂದು ಭರವಸೆ, ಇನ್ನೊಂದು ಭಯ. ಎರಡನ್ನೂ ಕೂಡಿದರೆ ಗೆದ್ದಿರೋ ಇಲ್ಲವೋ ಗೊತ್ತಾಗುತ್ತದೆ. ಯಾವುದು ದೊಡ್ಡದು ಅನ್ನೋದರಿಂದ ಕಥೆಯ ತಿರುವು ಗೊತ್ತಾಗುತ್ತದೆ. ಬೀಗ ತೆರೆಯಿತು, ಆದರೆ ಭಯದ ದಾಳ ದೊಡ್ಡದು ಬಿದ್ದಿದೆ. ಕಾವಲುಗಾರನ ಹೆಜ್ಜೆ ಸದ್ದು ಕೇಳಬಹುದು, ಗೇಮ್ ಮಾಸ್ಟರ್ ಕೈಗೆ ಒಂದು ಭಯದ ಟೋಕನ್ ಬರುತ್ತದೆ. ನಿಮ್ಮ ಪಾತ್ರದ ಶಕ್ತಿಗಳು ಬಹುಪಾಲು ಕಾರ್ಡುಗಳಲ್ಲಿವೆ, ಪುಟ ಹುಡುಕುವ ತಾಪತ್ರಯ ಇಲ್ಲ. ಮೊದಲ ಮುದ್ರಣ ಬೇಗ ಖಾಲಿಯಾಯಿತು. ಡಂಜನ್ಸ್ ಆ್ಯಂಡ್ ಡ್ರಾಗನ್ಸ್ ತಂಡದ ಹಿರಿಯರಾದ ಕ್ರಿಸ್ ಪರ್ಕಿನ್ಸ್ ಮತ್ತು ಜೆರೆಮಿ ಕ್ರಾಫರ್ಡ್ ಅದೇ ಜೂನ್‌ನಲ್ಲಿ ಡ್ಯಾರಿಂಗ್ಟನ್ ಪ್ರೆಸ್ ಸೇರಿದರು. ಎಲ್ಲ ನಕ್ಷತ್ರಗಳೂ ಸಾಲಾಗಿ ನಿಂತ ಹಾಗಿತ್ತು.

ಆಗಸ್ಟ್‌ನಲ್ಲಿ ಕ್ರಿಟಿಕಲ್ ರೋಲ್ ತನ್ನ ನಾಲ್ಕನೇ ಮಹಾಕಥೆಯನ್ನು ಘೋಷಿಸಿತು. ಯಾವ ಆಟದಲ್ಲಿ? ಡಂಜನ್ಸ್ ಆ್ಯಂಡ್ ಡ್ರಾಗನ್ಸ್. ಆ ಅಕ್ಟೋಬರ್‌ನಿಂದ ಅದರ ಪ್ರಸಾರ ಶುರುವಾಯಿತು. ತಮ್ಮದೇ ಆಟ, ತಮ್ಮದೇ ವೇದಿಕೆ, ತಮ್ಮದೇ ಪ್ರೇಕ್ಷಕರು ಇದ್ದವರೂ ಮುಖ್ಯ ವೇದಿಕೆಗೆ ಹಳೆಯ ಆಟವನ್ನೇ ಆರಿಸಿಕೊಂಡರು. ಡ್ಯಾಗರ್‌ಹಾರ್ಟ್ ಅನ್ನು ಚಿಕ್ಕ ಸರಣಿಗಳಲ್ಲಿ ಬಳಸಿದ್ದಾರೆ, ಕೈಬಿಟ್ಟಿಲ್ಲ. ಅವರ ನಿರ್ಧಾರಕ್ಕೆ ಕಾರಣಗಳು ಹಲವಿರಬಹುದು, ವ್ಯಾಪಾರದ ದೃಷ್ಟಿಯಿಂದ ತಪ್ಪು ಅಂತಲೂ ನಾನು ಹೇಳುವುದಿಲ್ಲ. ಆದರೆ ಆ ಟೇಬಲ್ಲನ್ನೇ ಸರಿಸಲು ಆಗದಿದ್ದರೆ ಬೇರೆಯವರ ಟೇಬಲ್ ಮಾತೇನು? ಅತ್ತ ಹಳೆಯ ಆಟ ಸುಮ್ಮನೆ ಕೂತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಪರಿಷ್ಕೃತ ಪುಸ್ತಕ ತಂದಿತು, 2025ರ ಏಪ್ರಿಲ್‌ನಲ್ಲಿ ಅದರ ಮೂಲ ನಿಯಮಗಳನ್ನೂ ಕ್ರಿಯೇಟಿವ್ ಕಾಮನ್ಸ್‌ಗೆ ಹಾಕಿತು. ಹೊರಗಿನ ಪ್ರಕಾಶಕರು ಮತ್ತೆ ಅದಕ್ಕೇ ಬರೆಯಲು ಅಡ್ಡಿಯಿಲ್ಲ. ಬರೆಯುತ್ತಲೂ ಇದ್ದಾರೆ.

ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಆಡುವವರಿಗೆ ಇದರಲ್ಲಿ ಇನ್ನೊಂದು ಸುತ್ತು ಇದೆ. ಎರಡು ಕಿಲೋ ತೂಗುವ ಪುಸ್ತಕಕ್ಕೆ ಅಮೆರಿಕದಿಂದ ಇಲ್ಲಿಗೆ ಸಾಗಣೆ ವೆಚ್ಚವೇ ಪುಸ್ತಕದ ಬೆಲೆಯ ಹತ್ತಿರ ಹೋಗಬಹುದು, ಕಸ್ಟಮ್ಸ್ ಬೇರೆ. ಅದಕ್ಕೇ ಇಲ್ಲಿನವರು ಪಿಡಿಎಫ್ ಮತ್ತು ಇಂಟರ್‌ನೆಟ್‌ನಲ್ಲೇ ಸೇರಿ ಆಡುವ ಆನ್‌ಲೈನ್ ಟೇಬಲ್ ಕಡೆ ವಾಲುತ್ತಾರೆ. ಆನ್‌ಲೈನ್ ಟೇಬಲ್‌ನಲ್ಲೂ ಹಳೆಯ ಆಟಕ್ಕೆ ಎಲ್ಲ ಸಿದ್ಧ ಇರುತ್ತದೆ. ಹೊಸ ಆಟಕ್ಕೆ ಯಾರಾದರೂ ಕೂತು ಪ್ರತಿ ರಾಕ್ಷಸನನ್ನೂ ಟೈಪ್ ಮಾಡಬೇಕು. ಬಿಡುಗಡೆಯ ದಿನವೇ ಇದನ್ನೂ ಕೊಡದ ಆಟ ಅರ್ಧ ಗಿರಾಕಿಗಳನ್ನು ಅಲ್ಲೇ ಕಳೆದುಕೊಳ್ಳುತ್ತದೆ.

ಹಾಗಾದರೆ ಹೆಸರಿಲ್ಲದವರು ಆಟ ಮಾಡಲೇಬಾರದಾ? ಮಾಡಬಹುದು, ಕೇಳುವುದನ್ನು ಕಡಿಮೆ ಮಾಡಿದರೆ. ಕಿಕ್‌ಸ್ಟಾರ್ಟರ್ 2019ರಲ್ಲಿ ಝೀನ್‌ಕ್ವೆಸ್ಟ್ ಅಂತ ಶುರು ಮಾಡಿತು. ಪುಟ್ಟ ಗಾತ್ರ, ಒಂದೇ ಬಣ್ಣದ ಮುದ್ರಣ, ಪಿನ್ ಹೊಡೆದ ಕಿರುಪುಸ್ತಕ, ಎರಡು ವಾರದ ಅಭಿಯಾನ. ದೊಡ್ಡ ದುಡ್ಡು ಅಲ್ಲಿಲ್ಲ. ಆದರೆ ನಷ್ಟವಾದರೂ ಮನೆ ಮಾರಬೇಕಾಗುವುದಿಲ್ಲ, ಕಾರ್ಡು, ದಾಳ, ಹಡಗು ಯಾವುದರ ಗೊಡವೆಯೂ ಇಲ್ಲ. ಓದಲು ಅರ್ಧ ಗಂಟೆ, ಆಡಲು ಒಂದು ಸಂಜೆ. ಇಂಥ ಆಟ ಎರಡು ವರ್ಷದ ಕಥೆ ಬಿಟ್ಟು ಬನ್ನಿ ಅಂತ ಯಾರನ್ನೂ ಕೇಳುವುದಿಲ್ಲ. ಐವರಲ್ಲಿ ಇಬ್ಬರು ಕೈಕೊಟ್ಟ ವಾರ ಮಿಕ್ಕ ಮೂವರು ಏನು ಮಾಡೋಣ ಅಂತ ನೋಡುತ್ತಿರುತ್ತಾರಲ್ಲ, ಹೊಸಬರಿಗೆ ಸಿಗುವ ಜಾಗ ಅದು.